ಕೀಲಿಕೈ ಇಲ್ಲ

ಅಫ್ರೀನ್ ಫೋನು ಮುಂದ ಹಿಡಿದು ಕೇಳಿದಳು:
"ಮಹಾನಂದಾ ಆಂಟಿ, ಇದು ನಿಮ್ದೇ ಏನು ನೋಡ್ರಿ.
ಗುಲ್ಬರ್ಗಾ ಅಂತ ಚೀಟಿ ಅಂಟ್ಯದ."

ನೋಡಿದೆ.
ಹಾಲಿನ ಬಣ್ಣದ್ದು, ಈಗ ಅರಿಷಿಣ ಹಚ್ಚಿಕೊಂಡದ.
ಟರ್ಬೊ ಗುಂಡಿ ಅದ. ಫ್ಲಾಪಿ ನುಂಗೋ ಬಾಯಿ ಎರಡು,
ಒಂದು ಇನ್ನೂ ತೆರಕೊಂಡೇ ಅದ.
ಬಲಗಡಿ ಮೂಲ್ಯಾಗ ಬೆರಳಗಲ ಕೆಂಪು.
"ಸಣ್ಣ ಕಲೆ" ಅಂತ ಬರದಾನ ಮಾರಾವ.
ಕಲೆ ಅಲ್ಲಪಾ,
ತೊಂಬತ್ತೇಳರ ಆಯುಧ ಪೂಜಿ ಕುಂಕುಮ ಅದು,
ನನ್ನ ಉಂಗುರ ಬೆರಳಿಂದು.

ಸವಾಲು ಅರವತ್ತೊಂದು ಸಾವಿರಕ್ಕ ನಿಂತದ.
ಇನ್ನೂ ಇಪ್ಪತ್ತು ನಿಮಿಷ ಅವ.

ಸೂಪರ್ ಮಾರ್ಕೆಟಿನ್ಯಾಗ, ಬನಿಯನ್ ಅಂಗಡಿ ಮ್ಯಾಲ
ನಮ್ಮ ಕಂಪ್ಯೂಟರ್ ಕ್ಲಾಸು.
ಚಪ್ಪಲಿ ಹೊರಗ ಬಿಟ್ಟು ಬರಬೇಕಾಗಿತ್ತು.
ಮೇ ತಿಂಗಳಾಗ ಊರು ರೊಟ್ಟಿ ಹಂಚಿನಂಗ ಕಾದಾಗ
ಆ ಒಂದು ಖೋಲಿಗಷ್ಟೇ ಎಸಿ.
ನಮಗಲ್ಲ, ಅದಕ್ಕ.
ಡಾಸ್ ಕಲೀತೀವಿ ಅಂತ ಬಂದು ಎಷ್ಟು ಮಂದಿ
ಬರೇ ತಂಪಿಗೆ ಕುಂತು ಎದ್ದು ಹೋದರೋ.
ಚಿತ್ತಾಪುರದ ಹುಡುಗ ಒಬ್ಬ
ಪೂರಾ ಫೀಸು ಕಟ್ಟಿ ನಿದ್ದಿ ಮಾಡ್ತಿದ್ದ.

ಕರೆಂಟು ಹೋತು ಅಂದ್ರ ಯುಪಿಎಸ್ ಕೂಗ್ತಿತ್ತು,
ತಾಯಿ ಕಾಣದ ಕುರಿಮರಿಯಂಗ.
"ಸೇವ್ ಮಾಡ್ರಿ, ಸೇವ್!" ಅಂತ ನಾನು, ಅದಕಿಂತ ಜೋರು.

ಕ್ಲಾಸು ಮುಚ್ಚಿದ ದಿನ
ಗುಜರಿ ಹಾಜಿಮಿಯಾ ತಕ್ಕಡಿ ತಂದಿದ್ದರು.
ಮಾನಿಟರು ಬ್ಯಾಡ ಅಂದರು, ಗಾಜು ಯಾರು ತಗೋತಾರ.
ಡಬ್ಬಿ ಕಿಲೋಕ್ಕ ಹನ್ನೊಂದು ರೂಪಾಯಿ.
ಮುಳ್ಳಿಗೆ ಹೆಬ್ಬೆರಳು ತಾಗಿಸಲಿಲ್ಲ, ಖರೆ ಮನುಷ್ಯರು.
ನೂರಾ ಮೂವತ್ತೆರಡು ಬಂತು.
ಅದರಾಗ ಒಂದು ಪ್ಲಾಸ್ಟಿಕ್ ಕೊಡ ತಗೊಂಡೆ.
ಅದೂ ಸೋರಿತು.

ಹೊಟ್ಟಿಕಿಚ್ಚು ಇಲ್ಲ ಅಂದ್ರ ಸುಳ್ಳಾಗ್ತದ.

ನಮ್ಮ ಮೈದುನ ಗಂಜಿನ್ಯಾಗ ಮುನೀಮ.
ಅಲ್ಲಿ ತೊಗರಿ ಸವಾಲಿಗೆ ನಿಂತವರು
ಮೊಳಕೈ ಮಟ ಚೀಲದಾಗ ಕೈ ಹಾಕಿ
ತಳದ ಕಾಳು ತಗದು, ಹಲ್ಲಿಲೆ ಕಡಿದು,
ಉಗುಳಿ, ಆಮ್ಯಾಲ ರೇಟು ಹೇಳ್ತಾರ.
ಇಲ್ಲಿ ಯಾರೂ ಕಡಿಯಾಂಗಿಲ್ಲ.
"ಚಾಲೂ ಮಾಡಿ ನೋಡಿಲ್ಲ. ಇದ್ದದ್ದು ಇದ್ದಂಗ.
ಭಾಳ ಅಪರೂಪದ್ದು.
ಕೀಲಿ ಹಾಕ್ಯದ, ಕೀಲಿಕೈ ಇಲ್ಲ."
ಇಲ್ಲ, ಇಲ್ಲ ಅಂದಷ್ಟೂ ರೇಟು ಏರಾಕತ್ತದ.
ಅರವತ್ನಾಕು. ಅರವತ್ತೇಳು.

ಪುಣೆದವ ಒಬ್ಬ, ಎಲ್ಲಿಯವನೋ ಇನ್ನೊಬ್ಬ,
ಮಾರಿ ಕಾಣದ ಇಬ್ಬರು ಜಿದ್ದಿಗೆ ಬಿದ್ದಾರ.
ಏನು ಬರ್ತದ ಪಾರ್ಸಲ್ಲಿನ್ಯಾಗ?
ಎಸಿ ಬರಂಗಿಲ್ಲ. ಬಾಗಿಲ ಹೊರಗಿನ ಚಪ್ಪಲಿ ಬರಂಗಿಲ್ಲ.
ಆ ಚಿತ್ತಾಪುರದ ಹುಡುಗನ ಗೊರಕಿಯಂತೂ
ಯಾವ ಲೆಕ್ಕದಾಗೂ ಇಲ್ಲ.
ಅಥವಾ ಅವನೇ ಇರಬಹುದು ಆ ಪುಣೆದವ.
ಫೀಸು ಕಟ್ಟೋದರಾಗ ಎಂದೂ ಹಿಂದ ಬಿದ್ದವನಲ್ಲ.

ಕೊನಿ ಹತ್ತು ಸೆಕೆಂಡಿಗೆ ಎಪ್ಪತ್ತೆಂಟು ಆತು.
ಮುಗೀತು.
ಸೀರಿ ಗಿರಾಕಿ ಬಂದರಂತ ಅಫ್ರೀನ್
ಫೋನು ತಗೊಂಡು ತನ್ನ ಅಂಗಡಿಗೆ ಓಡಿದಳು.

ನಾ ಹೊಲಿಗಿ ಡಬ್ಬಿ ತಗದೆ.
ಪಿನ್ನು, ಗುಂಡಿ, ಜೋಡಿ ಕಳಕೊಂಡ ಬೆಂಡೋಲಿ,
ಎಲ್ಲಾದರ ತಳಕ್ಕ ಅದು:
ಗುಂಡನ ಬಾಯಿಂದು, ಕಿರುಬೆರಳಿನಷ್ಟೂ ಇಲ್ಲ.
ರಾತ್ರಿ ಹುಡುಗರು ಗೇಮ್ ಆಡಬಾರದಂತ
ದಿನಾ ನಾನೇ ಕೀಲಿ ಹಾಕ್ತಿದ್ದೆ.
ತಕ್ಕಡಿಗೆ ಏರಿಸೋ ಮೊದಲೂ
ರೂಢಿಲೆ ಒಮ್ಮಿ ತಿರುವಿ, ಕೈಯಾಗೇ ಹಿಡಕೊಂಡು
ಹಾಜಿಮಿಯಾಗ ರೊಕ್ಕ ಎಣಿಸಿ ಕೊಡ್ರಿ ಅಂದಿದ್ದೆ.

ಸೆರಗಿಗೆ ಉಜ್ಜಿದೆ. ಹೊಳೀಲಿಲ್ಲ.
ಇದನ್ನೂ ಸವಾಲಿಗೆ ಇಡಲೇನು ಅಂತ
ಅಫ್ರೀನಗ ಕೇಳಬೇಕು ಅಂದ್ಕೊಂಡು
ಹಲ್ಲಿನ ನಡುವ ಇಟ್ಟು ಮೆಲ್ಲಕ ಕಡಿದೆ.

ಕಾಳು ಗಟ್ಟಿ ಅದ.